ಕಂಡಕ್ಟರಮ್ಮನ ಮೂರನೆಯ ರಿವರ್ಸ್

೧

ಎಲ್ಲಿಂದ ಶುರು ಮಾಡಲಿ?

ನಮ್ಮ ದೊಡ್ಡಮ್ಮ ಪದ್ಯ ಓದಲು ಕೂತರೆ ಮೊದಲು ದೇವರಿಗೆ, ಆಮೇಲೆ ಗುರುವಿಗೆ, ಆಮೇಲೆ ಎದುರು ಕೂತು ಕೇಳುವವರಿಗೆ ಕೈಮುಗಿದು, ಅಷ್ಟಾದ ಮೇಲೆ ಕಥೆಯ ಬಾಗಿಲು ತೆಗೆಯುತ್ತಿದ್ದರು. ದೇವರಿಗೆ ಮನಸ್ಸಿನಲ್ಲೇ ಮುಗಿದಿದ್ದೇನೆ. ಗುರು ಕಥೆಯೊಳಗೇ ಇದ್ದಾರೆ. ಈಗಲೇ ಕೈಮುಗಿದರೆ ಬೈಯುತ್ತಾರೆ. ಓದುವ ನಿಮಗೆ, ಇಗೋ, ನಮಸ್ಕಾರ. ಉಳಿದದ್ದು ಬಾಗಿಲು. ಆದರೆ ಇದು ಬಸ್ಸಿನ ಕಥೆ. ಬಸ್ಸಿಗೆ ಎರಡು ಬಾಗಿಲು.

ಹಿಂದಿನದರಿಂದಲೇ ಹತ್ತೋಣ. ಅಲ್ಲಿ ಹತ್ತೊಂಬತ್ತು ವರ್ಷದಿಂದ ಒಬ್ಬಾಕೆ ನಿಂತೇ ಇದ್ದಾಳೆ.

೨

(ಮೊದಲ ಕರಡು. ಒಂದು ಸಾಲಿನಷ್ಟು ಕಾಲ ಬದುಕಿತ್ತು.)

‘ಅವಳ ಕನಸಿಗೆ ಕುಡುಕ ಗಂಡ ಅಡ್ಡ ನಿಂತಿದ್ದ.’

“ಯಾರ ಗಂಡ?” ಎಂದಳು ಕಂಡಕ್ಟರಮ್ಮ.

“ನಿಮ್ಮ ಗಂಡ. ಕಥೆಗೆ ಒಂದು ಅಡ್ಡಿ ಅಂತ ಬೇಕಲ್ಲ.”

“ನಮ್ಮನೆಯವರು ನೀರಿನ ಮೀಟರ್ ಓದೋರು. ನನಗಿಂತ ಮೊದಲು ಎದ್ದು ಟೀಗೆ ಇಡ್ತಾರೆ. ಅವರ ಬಾಯಿಗೆ ಬಾಟ್ಲಿ ಇಟ್ರೆ ನಾನು ಇಲ್ಲೇ ಇಳಿದು ಹೋಗ್ತೀನಿ ನೋಡಿ, ಕಥೆಯವರೇ.”

“ಮತ್ತೆ ಅಡ್ಡಿ?”

“ಅಡ್ಡಿ ನಾನೇ. ಬರ್ಕೊಳ್ಳಿ.”

ಬರೆದುಕೊಂಡೆ.

೩

ನಾನು ಈ ಡಿಪೋಗೆ ಬಂದದ್ದು ಕಥೆ ಬರೆಯಲಿಕ್ಕಲ್ಲ ಎಂಬುದನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ. ಇಲ್ಲಿ ದುಡಿಯುವ ಹೆಣ್ಣುಮಕ್ಕಳಿಗಾಗಿ ಒಂದು ಮಾರ್ಗದರ್ಶಿ ಯೋಜನೆ ಇದೆ. ಅನುಭವಸ್ಥೆಯೊಬ್ಬಳ ಕೈಗೆ ಮೇಲೆ ಬರಬೇಕಾದವಳೊಬ್ಬಳನ್ನು ಆರು ತಿಂಗಳು ಒಪ್ಪಿಸುತ್ತಾರೆ. ಹಾಗೆ ಕಲಿಯುವವಳು ತನಗಿಂತ ಹೊಸಬಳೊಬ್ಬಳಿಗೆ ತನ್ನ ಹಳೆಯ ಕೆಲಸ ಕಲಿಸಬೇಕು. ಯೋಜನೆಯನ್ನು ನೋಡಿಕೊಳ್ಳುವಾಕೆಯನ್ನು ಎಲ್ಲರೂ ಕರೆಯುವುದು ಫೈಲ್ ಮೇಡಂ ಎಂದು. ವಾರ್ಷಿಕ ವರದಿಗೆ ಅವರಿಗೊಂದು ಯಶೋಗಾಥೆ ಬೇಕಿತ್ತು.

“ಒಂದೇ ಪುಟ ಸಾಕು. ‘ಸಬಲೀಕರಣ’ ಎರಡು ಸಲ ಬರ್ಲಿ. ಫೋಟೋದಲ್ಲಿ ನಗ್ತಿರ್ಬೇಕು.”

(ಒಂದು ಸಲ ಬಂತು, ಮೇಡಂ. ಇನ್ನೊಂದು ಬಾಕಿ.)

೪

ಕಂಡಕ್ಟರಮ್ಮನಿಗೆ ಬೇಕಾಗಿದ್ದದ್ದು ಡ್ರೈವರ್ ಸೀಟು.

“ಹತ್ತೊಂಬತ್ತು ವರ್ಷ ರಸ್ತೆನ ಹಿಂದಿನ ಗಾಜಲ್ಲೇ ನೋಡಿದ್ದೀನಿ, ಕಥೆಯವರೇ. ಎಲ್ಲಾ ದೂರ ಹೋಗ್ತಾನೇ ಇರುತ್ತೆ. ಅಂಗಡಿ, ಮರ, ಜನ, ಎಲ್ಲಾ. ಒಂದು ಸಲ ಎದುರಿಗೆ ಬರೋದನ್ನ ನೋಡ್ಬೇಕು.”

ಲೈಸೆನ್ಸ್ ಇದೆ. ಡಿಪೋದ ಅಂಗಳದಲ್ಲಿ ಮುಂದಕ್ಕಾದರೆ ಲೋಟದ ನೀರು ತುಳುಕದ ಹಾಗೆ ಓಡಿಸುತ್ತಾಳೆ. ಡಿಪೋದ ಪರೀಕ್ಷೆಯಲ್ಲಿ ಕಷ್ಟ ಒಂದೇ: ಹನ್ನೆರಡು ಮೀಟರಿನ ಬಸ್ಸನ್ನು ಹಿಂದಕ್ಕೆ ತಂದು, ಸುಣ್ಣದ ಎರಡು ಗೆರೆಗಳ ನಡುವೆ, ಕೊನೆಯ ಡ್ರಮ್ಮಿಗೆ ತಾಗದಂತೆ ನಿಲ್ಲಿಸಬೇಕು. ಕನ್ನಡಿಗಳಲ್ಲಿ ಪಕ್ಕಗಳು ಕಾಣುತ್ತವೆ, ಬಸ್ಸಿನ ಬೆನ್ನು ಕಾಣುವುದಿಲ್ಲ. ಅದಕ್ಕೇ ಹಿಂದೆ ಒಬ್ಬ ಕಂಡಕ್ಟರ್ ವಿಸಿಲ್ ಹಿಡಿದು ನಿಲ್ಲುತ್ತಾರೆ. ಸೀಟು ಬಿಟ್ಟಿಳಿಯದೆ, ಆ ಸಿಳ್ಳೆಯನ್ನೇ ನಂಬಿ ಬರಬೇಕೆಂಬುದು ನಿಯಮ. ಚಿಕ್ಕಚಿಕ್ಕದಾಗಿ ಊದಿದರೆ ಬಾ ಎಂದು, ಉದ್ದಕ್ಕೆ ಊದಿದರೆ ನಿಲ್ಲು ಎಂದು.

ಹತ್ತೊಂಬತ್ತು ವರ್ಷ ಹಾಗೆ ಊದಿದವಳು ಈಕೆಯೇ. ಈಕೆಯ ಸಿಳ್ಳೆ ನಂಬಿದ ಒಂದು ಬಸ್ಸೂ ಎಲ್ಲೂ ತಾಗಿಲ್ಲ. ಹಾಗಾಗಿ ಈಕೆಗೆ ಬೇರೆ ಯಾರ ಸಿಳ್ಳೆಯ ಮೇಲೂ ನಂಬಿಕೆಯಿಲ್ಲ.

ಮೊದಲ ಪರೀಕ್ಷೆಯಲ್ಲಿ ಸ್ಟೇರಿಂಗ್ ಹಿಡಿದೇ ಜೇಬಿನಿಂದ ತನ್ನ ವಿಸಿಲ್ ತೆಗೆದು ಬಾಯಿಗಿಟ್ಟುಕೊಂಡಳು. ತಲೆ ಕಿಟಕಿಯಿಂದಾಚೆ. ತಾನೇ ಊದುತ್ತಾಳೆ, ತಾನೇ ಬರುತ್ತಾಳೆ, ತಾನೇ ಉದ್ದಕ್ಕೆ ಊದಿ ತಾನೇ ಬ್ರೇಕ್ ಒತ್ತುತ್ತಾಳೆ! ಹಿಂದೆ ನಿಂತಿದ್ದ ಕಂಡಕ್ಟರ್ ತಮ್ಮ ವಿಸಿಲ್ ಇಳಿಸಿ ಕೈಕಟ್ಟಿ ನೋಡುತ್ತ ನಿಂತರು. ಫೇಲ್.

ಎರಡನೆಯದರಲ್ಲಿ ವಿಸಿಲನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು. ಹ್ಯಾಂಡ್‌ಬ್ರೇಕ್ ಹಾಕಿ ಮೂರು ಸಲ ಇಳಿದು ಹಿಂದೆ ಹೋಗಿ ನೋಡಿಕೊಂಡು ಬಂದಳು. ಫೇಲ್.

ಇರುವುದು ಮೂರೇ ಅವಕಾಶ. ಮೂರನೆಯದೂ ಹೋದರೆ ನಿವೃತ್ತಿಯವರೆಗೂ ಟಿಕೆಟ್ ಮೆಷಿನ್, ಹಿಂದಿನ ಬಾಗಿಲು, ದೂರ ಹೋಗುವ ಮರಗಳು.

೫

ಗುರು ಬಂದರು. ಗೇರಕ್ಕ.

ಈ ಡಿಪೋದಲ್ಲಿ ಮೊದಲು ಸ್ಟೇರಿಂಗ್ ಹಿಡಿದ ಹೆಂಗಸು. ಗೇರ್ ಬದಲಿಸಿದ್ದು ಪ್ರಯಾಣಿಕರಿಗೆ ಗೊತ್ತೇ ಆಗುವುದಿಲ್ಲವೆಂದು ಆ ಹೆಸರು. ಯೋಜನೆಯವರು ಕೊಟ್ಟ ಫಾರಂನಲ್ಲಿ ‘ತರಬೇತಿಯ ವಿಧಾನ’ ಎಂಬಲ್ಲಿ ಆಕೆ ಬರೆದದ್ದು ‘ನೋಡೋಣ’ ಎಂಬ ಒಂದೇ ಪದ.

ಮೊದಲ ಎರಡು ತಿಂಗಳು ಎಂಜಿನ್ ಶುರು ಮಾಡಲೇ ಬಿಡಲಿಲ್ಲ. ಮೂಲೆಯಲ್ಲಿ ನಿಂತಿದ್ದ ಹಳೆಯ ಬಸ್ಸಿಗೆ ಹತ್ತಿಸಿ, ಕನ್ನಡಿಗಳಿಗೆ ಗೋಣಿಚೀಲ ಕಟ್ಟಿ, ತಾನು ಹಿಂದೆ ಹೋಗಿ ನಿಂತು ಊದುತ್ತಿದ್ದಳು. ಚಿಕ್ಕದಕ್ಕೆ ಬ್ರೇಕಿನಿಂದ ಕಾಲೆತ್ತಬೇಕು. ಉದ್ದದ್ದಕ್ಕೆ ಒತ್ತಬೇಕು. ಅಷ್ಟೇ ಪಾಠ.

ವರ್ಕ್‌ಶಾಪಿನವರಿಗೆ ಹಬ್ಬವೋ ಹಬ್ಬ. “ಏನಕ್ಕಾ, ನಿಂತಿರೋ ಬಸ್ಸಲ್ಲಿ ರಿವರ್ಸ್ ಕಲಿಸ್ತಿದ್ದೀಯಾ? ಎಲ್ಲಿಗೆ ಮುಟ್ತು?”

“ನಿಮ್ಮ ಬುದ್ಧಿ ಇರೋ ಕಡೆಗೇ ಹೊರಟಿದೆ,” ಎಂದಳು ಗೇರಕ್ಕ. “ಇನ್ನೂ ಸಿಕ್ಕಿಲ್ಲ.”

ಕಂಡಕ್ಟರಮ್ಮನಿಗೂ ತಾಳ್ಮೆ ತಪ್ಪಿತು. “ಅಕ್ಕಾ, ನನಗೆ ಓಡಿಸೋಕೆ ಬರುತ್ತೆ!”

“ನಿನ್ನ ಕಾಲಿಗೆ ಬರುತ್ತೆ ಕಣೇ. ಕಿವಿಗೆ ಬರಲ್ಲ. ಕಾಲು ಕಲಿತಿದ್ದನ್ನ ಕಿವಿ ಕಲಿಯೋವರೆಗೂ ಕೀಲಿ ನನ್ನ ಹತ್ರಾನೇ ಇರುತ್ತೆ.”

(ಇಲ್ಲಿ ಕಂಡಕ್ಟರಮ್ಮನ ಯಜಮಾನರು ಒಂದು ಮಾತು ಸೇರಿಸಬೇಕೆಂದು ಕೇಳಿಕೊಂಡಿದ್ದಾರೆ: “ಮನೇಲಿ ಕುಕ್ಕರ್ ಕೂಗಿದ್ರೂ ಕಾಲು ಎತ್ತುತಾಳೆ, ಸ್ವಾಮಿ. ಮೂರು ಕೂಗಿಗೆ ನಾನೇ ಓಡಿಹೋಗಿ ಒಲೆ ಆರಿಸ್ತೀನಿ.” ಸೇರಿಸಿದ್ದೇನೆ. ಕುಡುಕನನ್ನಾಗಿ ಮಾಡಲು ಹೊರಟಿದ್ದ ಪಾಪಕ್ಕೆ ಇಷ್ಟಾದರೂ ಬೇಡವೇ?)

೬

ಈ ಭಾಗದಲ್ಲಿ ಸಬಲೀಕರಣದ ಬಗ್ಗೆ ನನ್ನ ಸ್ವಂತ ವಿಚಾರಗಳಿದ್ದವು. ಗೇರಕ್ಕ ಓದಿ ನೋಡಿ, “ಇದರಲ್ಲಿ ಬಸ್ಸೆಲ್ಲಿದೆ?” ಎಂದಳು. ಹೊಡೆದುಹಾಕಿದೆ. (ಎರಡನೆಯ ಸಲವೂ ಆಯಿತು, ಮೇಡಂ.)

೭

ಪರೀಕ್ಷೆಯ ಬೆಳಿಗ್ಗೆ ಹಿಂದೆ ನಿಂತು ಊದುವವರು ಯಾರೆಂದು ಡ್ಯೂಟಿ ಚಾರ್ಟ್ ಹೇಳುತ್ತದೆ. ಮೂರನೆಯ ಪರೀಕ್ಷೆಯ ದಿನ ಚಾರ್ಟ್ ಹೇಳಿದ್ದು ಹೊಸ ಹುಡುಗಿಯ ಹೆಸರು. ಕೆಲಸಕ್ಕೆ ಸೇರಿ ಮೂರು ತಿಂಗಳು. ಯೋಜನೆಯ ಲೆಕ್ಕದಲ್ಲಿ ಕಂಡಕ್ಟರಮ್ಮನ ಶಿಷ್ಯೆ. ಓಡುವ ಬಸ್ಸಿನಲ್ಲಿ ಕಂಬ ಹಿಡಿಯದೆ ನಿಲ್ಲುವುದನ್ನು ಕಲಿಸಿದ್ದು ಈಕೆಯೇ.

ಹೋದ ವಾರ ಒಬ್ಬ ಡ್ರೈವರ್ ಅವಳ ಉದ್ದನೆಯ ಸಿಳ್ಳೆಗೆ ಕಿವಿಗೊಡದೆ ಬಂದು ಬಸ್ಸನ್ನು ಗೋಡೆಗೆ ತರಚಿಸಿದ್ದ. ಬೈಸಿಕೊಂಡದ್ದು ಹುಡುಗಿ. ಅವತ್ತಿನಿಂದ ವಿಸಿಲ್ ಬಾಯಿಗಿಟ್ಟರೆ ಅವಳಿಗೆ ಉಸಿರೇ ಹೊರಡುತ್ತಿರಲಿಲ್ಲ.

ಪರೀಕ್ಷೆಯ ಇನ್‌ಸ್ಪೆಕ್ಟರ್ ರಟ್ಟಿನ ಪ್ಯಾಡ್ ಹಿಡಿದು ನಿಂತರು. ಕಂಡಕ್ಟರಮ್ಮ ಬಸ್ಸನ್ನು ಗೆರೆಗಳ ನೇರಕ್ಕೆ ತಂದು ರಿವರ್ಸ್‌ಗೆ ಹಾಕಿ ಕಾದಳು.

ಸಿಳ್ಳೆಯಿಲ್ಲ.

ಮತ್ತೂ ಕಾದಳು. ಹಿಂದೆ ಹುಡುಗಿ ಕೆನ್ನೆ ಉಬ್ಬಿಸಿಕೊಂಡು ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಾಳೆ.

೮

(ಇಲ್ಲಿ ನನ್ನ ಹತ್ತಿರ ಎರಡು ಕರಡುಗಳಿದ್ದವು.)

ಕರಡು ಒಂದು: ಕಂಡಕ್ಟರಮ್ಮ ಯಾರ ಸಿಳ್ಳೆಗೂ ಕಾಯದೆ ಒಂದೇ ಉಸಿರಿಗೆ ಬಸ್ಸನ್ನು ಒಳಗೆ ತರುತ್ತಾಳೆ. ಚಪ್ಪಾಳೆ. ಇನ್‌ಸ್ಪೆಕ್ಟರ್ ಫೇಲ್ ಎಂದು ಬರೆಯುತ್ತಾರೆ. ಅನ್ಯಾಯ! ಓದುಗರ ಕಣ್ಣು ಒದ್ದೆ.

ಕರಡು ಎರಡು: ಇಳಿದು ಹೋಗಿ ಹುಡುಗಿಯನ್ನು ತಬ್ಬಿಕೊಳ್ಳುತ್ತಾಳೆ. ಇಳಿದದ್ದಕ್ಕೆ ಫೇಲ್. ತ್ಯಾಗ! ಓದುಗರ ಕಣ್ಣು ಇನ್ನೂ ಒದ್ದೆ.

“ಕಥೆಯವರೇ,” ಎಂದಳು ಕಂಡಕ್ಟರಮ್ಮ, ಕಾಲು ಬ್ರೇಕಿನ ಮೇಲೇ ಇತ್ತು. “ನಾನು ಸೋತ್ರೇನೇ ನಿಮಗೆ ಬರೆಯೋಕೆ ಕೈ ಓಡೋದಾ?”

“ಸೋಲು ಕಥೆಗೆ ಒಪ್ಪುತ್ತೆ ಅಮ್ಮಾ.”

“ನನಗೆ ಒಪ್ಪಲ್ಲ. ಪೆನ್ನು ಸ್ವಲ್ಪ ಹೊತ್ತು ಜೇಬಲ್ಲಿಡಿ.”

ಇಟ್ಟೆ. ಮುಂದಿನದು ನಾನು ಕಟ್ಟಿದ್ದಲ್ಲ, ನಿಂತು ಕೇಳಿದ್ದು.

೯

ಸುತ್ತ ನಿಂತವರು ಕೂಗತೊಡಗಿದರು. “ಹೋಗಮ್ಮಾ, ಜಾಗ ಇದೆ!” “ಕನ್ನಡಿ ನೋಡ್ಕೊಂಡು ಬಂದ್ಬಿಡು!” ವರ್ಕ್‌ಶಾಪಿನ ಒಬ್ಬರು ಕೈ ಬೀಸಿ “ಬರ್ಲಿ ಬರ್ಲಿ” ಎಂದರು. ಆ ಗೆರೆಗಳು, ಆ ಡ್ರಮ್ಮು ಕಂಡಕ್ಟರಮ್ಮನಿಗೆ ಕಣ್ಣು ಮುಚ್ಚಿದರೂ ಗೊತ್ತು. ಗೇರಕ್ಕ ಗೋಡೆಗೆ ಒರಗಿ ನಿಂತಿದ್ದಳು.

ಕಂಡಕ್ಟರಮ್ಮ ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ಆಫ್ ಮಾಡಿದಳು.

ಕಿಟಕಿಯಿಂದ ಅವಳ ದನಿ ಮಾತ್ರ ಬಂತು.

“ಏ ಪುಟ್ಟೀ, ತಿಂಡಿ ಆಯ್ತಾ?”

ಹಿಂದಿನಿಂದ ಸಣ್ಣ ದನಿ. “ಇಲ್ಲ ಅಕ್ಕಾ. ಭಯಕ್ಕೆ ಸೇರ್ಲಿಲ್ಲ.”

“ನನಗೂ ಸೇರ್ಲಿಲ್ಲ. ಇದನ್ನ ಒಳಗೆ ಹಾಕಿಬಿಟ್ಟು ಇಬ್ರೂ ತಿನ್ನೋಣ.”

“ನನ್ನ ಕೈಲಾಗಲ್ಲ ಅಕ್ಕಾ. ಬೇರೆ ಯಾರನ್ನಾದ್ರೂ ಕರೀರಿ. ನಿಮ್ಮದು ಲಾಸ್ಟ್ ಚಾನ್ಸು...”

“ನನ್ನ ಲಾಸ್ಟ್ ಚಾನ್ಸಿನ ಚಿಂತೆ ನನಗಿರ್ಲಿ. ಗೋಡೆಗೆ ತಾಗಿಸಿದ್ದು ನೀನಲ್ಲ, ನಿನ್ನ ಮಾತು ಕೇಳದೇ ಇದ್ದೋನು. ನಾನು ಕೇಳ್ತೀನಿ. ನೀನು ಊದೋವರೆಗೂ ಅಲ್ಲಾಡಲ್ಲ. ಸಂಜೆ ಆದ್ರೂ ಸರಿ, ಇವರೆಲ್ಲ ಊಟ ಮಾಡ್ಕೊಂಡು ಬರ್ಲಿ.”

“ಟೈಮ್ ಆಗ್ತಾ ಇದೆ,” ಎಂದರು ಇನ್‌ಸ್ಪೆಕ್ಟರ್.

“ಸಾರ್,” ಎಂದಳು ಗೇರಕ್ಕ ಗೋಡೆ ಬಿಡದೆ, “ನಿಯಮದಲ್ಲಿ ಸಿಳ್ಳೆ ಇದೆ, ಗೆರೆ ಇದೆ, ಡ್ರಮ್ ಇದೆ. ಗಡಿಯಾರ ಇಲ್ಲ. ಇಪ್ಪತ್ತಾರು ವರ್ಷದಿಂದ ಓದ್ತಾ ಇದ್ದೀನಿ.”

ಇನ್‌ಸ್ಪೆಕ್ಟರ್ ಹಾಳೆ ತಿರುಗಿಸಿ ನೋಡಿದರು. ಇರಲಿಲ್ಲ.

ಎಂಜಿನ್ ಮತ್ತೆ ಶುರುವಾಯಿತು. ಎಷ್ಟು ಹೊತ್ತು ಕಾದಳೋ, ನಾನು ಎಣಿಸಲಿಲ್ಲ. ಹಿಂದಿನಿಂದ ಹಕ್ಕಿಮರಿ ಚೀರಿದಂತೆ ಒಂದು ಸಿಳ್ಳೆ. ಬಸ್ಸು ಒಂದು ಗೇಣು ಸರಿಯಿತು. ಇನ್ನೊಂದು ಸಿಳ್ಳೆ, ಇನ್ನೊಂದು ಗೇಣು. ತಾನು ಊದಿದಷ್ಟಕ್ಕೆ ಹನ್ನೆರಡು ಮೀಟರ್ ಕಬ್ಬಿಣ ಮಾತು ಕೇಳುತ್ತಿರುವುದನ್ನು ಹುಡುಗಿ ಕಣ್ಣಾರೆ ಕಂಡಳು. ಸಿಳ್ಳೆಗೆ ಲಯ ಬಂತು. ಊದು, ಬಾ. ಊದು, ಬಾ. ಕಂಡಕ್ಟರಮ್ಮನ ತಲೆ ಕಿಟಕಿಯೊಳಗೇ ಇತ್ತು.

ಅರ್ಧಕ್ಕಿಂತ ಹೆಚ್ಚು ಒಳಗೆ ಬಂದಾಗ ಉದ್ದನೆಯ ಸಿಳ್ಳೆ ಬಿತ್ತು.

ಬಸ್ಸು ನಿಂತಿತು, ಅದೇ ಕ್ಷಣ.

ಇನ್‌ಸ್ಪೆಕ್ಟರ್ ಹಿಂದೆ ಹೋಗಿ ನೋಡಿದರು. ಡ್ರಮ್ಮಿಗೆ ಇನ್ನೂ ಎರಡಾಳು ದೂರವಿತ್ತು. ಮುಂದೆ ಬಂದು ಕಿಟಕಿಯ ಕೆಳಗೆ ನಿಂತರು. “ಇಷ್ಟು ಜಾಗ ಇದೆ, ಯಾಕೆ ನಿಲ್ಲಿಸಿದ್ರಿ?”

“ಉದ್ದ ಸಿಳ್ಳೆ ಬಿತ್ತು ಸಾರ್.”

“ತಪ್ಪು ಸಿಳ್ಳೆ ಅದು.”

“ತಪ್ಪೋ ಸರಿಯೋ ಹಿಂದೆ ಇರೋಳು ನೋಡ್ಕೊತಾಳೆ. ನಿಲ್ಲೋದು ನನ್ನ ಕೆಲಸ.”

ಎರಡು ಪರೀಕ್ಷೆಗಳಲ್ಲಿ ಇನ್‌ಸ್ಪೆಕ್ಟರ್ ಕಾದಿದ್ದ ಉತ್ತರ ಅದೇ ಇರಬೇಕು. ಅಲ್ಲೇ, ಬಸ್ಸಿನ ಮೈಗೇ ಪ್ಯಾಡ್ ಒತ್ತಿಹಿಡಿದು ಏನೋ ಬರೆದರು.

ಅಷ್ಟರಲ್ಲಿ ಹುಡುಗಿ ಡ್ರಮ್ಮಿನವರೆಗೂ ನಡೆದು ಹೆಜ್ಜೆ ಅಳೆದು ವಾಪಸು ಬಂದಿದ್ದಳು. “ಸಾರಿ ಅಕ್ಕಾ, ಇನ್ನೂ ಆರು ಹೆಜ್ಜೆ ಇದೆ!” ಎಂದು ಕೂಗಿದಳು. ಆಮೇಲೆ ಊದಿದಳು, ಡಿಪೋದ ತಗಡಿನ ಮಾಡು ಝಲ್ಲೆನ್ನುವ ಹಾಗೆ. ಬಸ್ಸು ಬಂತು, ಬಂತು, ಬಂತು. ಉದ್ದ ಸಿಳ್ಳೆ. ಬಂಪರಿಗೂ ಡ್ರಮ್ಮಿಗೂ ನಡುವೆ ನಾಲ್ಕು ಬೆರಳು.

ಪಾಸ್.

ವರ್ಕ್‌ಶಾಪಿನವರು ಸ್ಪ್ಯಾನರಿನಿಂದ ಡ್ರಮ್ಮುಗಳನ್ನು ಬಡಿದರು. ಸಾಲಾಗಿ ನಿಂತಿದ್ದ ಬಸ್ಸುಗಳ ಹಾರನ್ನುಗಳು ಒಟ್ಟಿಗೆ ಬಾಯಿ ತೆರೆದವು. ಗೇರಕ್ಕ ಬಂದು, “ಕ್ಲಚ್ ಮೇಲೆ ಕಾಲು ಜಾಸ್ತಿ ಹೊತ್ತು ಇಟ್ಟೆ,” ಎಂದಳು. ಆಮೇಲೆ ಆ ಕಡೆ ತಿರುಗಿ ಹಿಂದಿನ ಟೈರನ್ನು ಬಹಳ ಹೊತ್ತು ಪರೀಕ್ಷಿಸಿದಳು. ಆ ಟೈರಿಗೆ ಏನೂ ಆಗಿರಲಿಲ್ಲ.

೧೦

ಪೆನ್ನು ತೆಗೆದೆ. ಈಗ ಮುಗಿಸಬೇಕು.

ಮುಕ್ತಾಯ (ಅ): ಕಂಡಕ್ಟರಮ್ಮ ಸೀಟಿನಿಂದ ಇಳಿದು ಗುರುವಿನ ಕಾಲಿಗೆ ಬೀಳುತ್ತಾಳೆ. (“ಬಿದ್ರೆ ಒದೀತೀನಿ,” ಎಂದಳು ಗೇರಕ್ಕ.)

ಮುಕ್ತಾಯ (ಆ): ಮೊದಲ ಟ್ರಿಪ್. ಗಾಜಿನ ತುಂಬ ಎದುರಿಗೆ ಬರುವ ರಸ್ತೆ. (“ಅದನ್ನ ನಾನೇ ಮೊದಲು ನೋಡ್ಬೇಕು. ನೀವು ನೋಡಿ ಹೇಳ್ಬೇಡಿ.”)

ಮುಕ್ತಾಯ (ಇ): ನಗುವ ಫೋಟೋ. ಫೈಲ್ ಮೇಡಂ ಕ್ಯಾಮೆರಾ ಎತ್ತಿ, “ಇಳೀರಿ, ಎಲ್ರೂ ಒಟ್ಟಿಗೆ ನಿಲ್ಲಿ,” ಎಂದರು.

“ಈಗ ಆಗಲ್ಲ ಮೇಡಂ,” ಎಂದಳು ಕಂಡಕ್ಟರಮ್ಮ. “ಬಸ್ಸು ಹೊರಗೆ ತೆಗೀಬೇಕು. ನನ್ನ ಹಿಂದೆ ಪರೀಕ್ಷೆಗೆ ಇನ್ನೂ ಹನ್ನೊಂದು ಜನ ಕಾಯ್ತಿದ್ದಾರೆ.”

ಬಸ್ಸನ್ನು ಮುಂದಕ್ಕೆ ಓಡಿಸಿ ನಿಲ್ಲಿಸಿ ಇಳಿದಳು. ಡಿಪೋದಲ್ಲಿ ಬಸ್ಸು ತೊಳೆಯುವಾಕೆ, ಇನ್ನೂ ಒದ್ದೆಯಾಗಿದ್ದ ಕೈಗಳನ್ನು ಸೀರೆಗೆ ಒರೆಸಿಕೊಂಡು ಡ್ರೈವರ್ ಸೀಟಿಗೆ ಹತ್ತಿದಳು. ಗೇರ್ ಬಿತ್ತು. ನಾನು ಎಲ್ಲರೂ ಒಟ್ಟಿಗೆ ಕಾಣುವಂಥ ಒಳ್ಳೆಯ ಜಾಗ ನೋಡಿ ನಿಂತು, ಕೊನೆಯ ಸಾಲು ಬರೆಯಲು ಪುಸ್ತಕ ತೆರೆದೆ.

ಕಿವಿಯ ಪಕ್ಕದಲ್ಲೇ ಉದ್ದನೆಯ ಸಿಳ್ಳೆ.

“ಏನ್ರೀ! ಕಥೆಯವರೇ! ಗೆರೆ ಒಳಗೆ ನಿಂತ್ಕೊಂಡು ಬರೀತಿದ್ದೀರಲ್ಲ, ಕಣ್ಣು ಕಾಣಲ್ವಾ? ಪಕ್ಕಕ್ಕೆ ಬನ್ನಿ, ಬಸ್ಸು ಬರ್ತಿದೆ!”

ಹೊಸ ಹುಡುಗಿ. ಏನು ಗಂಟಲು ಅಂತೀರಿ!

ಪುಸ್ತಕ ಎದೆಗವಚಿಕೊಂಡು ಗೆರೆ ದಾಟಿದೆ. ಅವಳು ಚಿಕ್ಕದಾಗಿ ಊದಿದಳು, ಬಸ್ಸು ಸರಿಯಿತು, ಮತ್ತೆ ಊದಿದಳು, ನಾನು ನಿಂತಿದ್ದ ಜಾಗದ ಮೇಲೆ ಈಗ ಬಸ್ಸಿನ ನೆರಳು, ಮತ್ತೆ ಊದಿದಳು,