ಕಂದು ಬಾಟಲಿ

ಪಕ್ಕದ ಹಾಸಿಗೆಗೆ ಮತ್ತೆ ಆ ಕಂದು ಬಾಟಲಿ ಬಂತು. ಡಿಕಾಕ್ಷನ್ ಬಣ್ಣದ ಕಬ್ಬಿಣದ ಔಷಧಿ ವಾದಿರಾಜನ ರಕ್ತಕ್ಕೆ ಹನಿಹನಿಯಾಗಿ ಇಳಿಯುವುದನ್ನು ನೋಡಿ ಈಶಪ್ಪನ ಹೊಟ್ಟೆ ಉರಿಯಿತು.

ಕಿಡ್ನಿ ಕೈಕೊಟ್ಟು ದಸರೆಯಲ್ಲಿ ಪೀಣ್ಯದ ಈ ಡಯಾಲಿಸಿಸ್ ಕೋಣೆಗೆ ಒಂದೇ ವಾರದಲ್ಲಿ ಬಂದು ಮಲಗಿದವರು ಇಬ್ಬರೂ. ಆಗ ಇಬ್ಬರ ಮುಖವೂ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಈಗ ವಾದಿರಾಜನ ಉಗುರಿಗೆ ರಕ್ತದ ಕೆಂಪು ಬಂದಿತ್ತು. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದ, ಹತ್ತಿದ್ದನ್ನು ಬಂದು ಹೇಳುತ್ತಲೂ ಇದ್ದ. ಈಶಪ್ಪನಿಗೆ ಬಸ್ಸಿಳಿದರೆ ಸಾಕು, ಏದುಸಿರು. ಪೂರಾ ಶಿಫ್ಟ್ ನಿಲ್ಲುವ ಹಾಗಾದರೆ ಬಾ ಎಂದಿದ್ದರು ವರ್ಕ್‌ಶಾಪಿನ ಮಾಲೀಕರು. ಯುಗಾದಿ ದಾಟಿದರೆ ಅವನ ಲೇತ್ ಯಂತ್ರ ಬೇರೆಯವನಿಗೆ.

"ಅವರಿಗಷ್ಟ ಹಾಕ್ತೀರಿ. ನಾವೇನು ಮನಷ್ಯಾರಲ್ಲೇನ್ರಿ ಅಕ್ಕಾರ?" ಎಂದು ಹೋದ ವಾರ ನರ್ಸ್ ವೇಣಿಯನ್ನು ಕೇಳಿದ್ದ.

"ನಿಮ್ಗೆ ಜ್ವರ ಬರ್ತಿದೆಯಲ್ಲ ಈಶಪ್ಪ. ಒಳಗೆ ಸೋಂಕಿಟ್ಕೊಂಡು ಐರನ್ ಹಾಕಿದ್ರೆ ಸೋಂಕಿಗೇ ಊಟ ಬಡಿಸ್ದಂಗೆ. ಜ್ವರ ಹೋಗ್ಲಿ, ಹಾಕ್ತೀವಿ."

ಅದಕ್ಕೇ ಇವತ್ತು ಬಸ್ಸಿನಲ್ಲೇ ಜ್ವರದ ಮಾತ್ರೆ ನುಂಗಿ ಬಂದಿದ್ದ. ಥರ್ಮಾಮೀಟರ್ ನೋಡಿ ವೇಣಿ ನಕ್ಕಳು.

"ಮನೇಲೂ ಜ್ವರ ಬಂದಿಲ್ಲ ತಾನೇ?"

"ಇಲ್ರಿ."

ಅವನ ಕುತ್ತಿಗೆಯ ಪೈಪಿಗೆ ಯಂತ್ರ ಜೋಡಿಸಿ, ಡಾಕ್ಟರನ್ನು ಕೇಳಿಕೊಂಡು ಬಂದು, ಅವನಿಗೂ ಒಂದು ಕಂದು ಬಾಟಲಿ ನೇತುಹಾಕಿದಳು.

"ಸೇರಿದ್ಯಲ್ಲ ಮಗಾ ನಮ್ ಪಾರ್ಟಿಗೆ," ಎಂದ ವಾದಿರಾಜ. "ಇನ್ನು ಇಬ್ರೂ ಮೆಟ್ಲು ಹತ್ತಣ."

"ನಿನಗಿಂತ ಮೊದಲ ಹತ್ತತೀನಿ, ನೋಡ್ತಿರು."

ಬಾಟಲಿ ಕಾಲುಭಾಗವೂ ಇಳಿದಿರಲಿಲ್ಲ, ಬೆನ್ನಿನಿಂದ ಚಳಿ ಎದ್ದಿತು. ಈಶಪ್ಪ ಹಲ್ಲು ಕಚ್ಚಿ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡ. ಮಂಚವೇ ಗಡಗಡ ಎನ್ನತೊಡಗಿತು.

"ಏಯ್, ನಡುಗ್ತಿದೀಯ ಕಣೋ."

"ಎಸಿ ಜಾಸ್ತಿ ಐತಿ. ಸುಮ್ನಿರು."

"ಎಸಿ ಅಲ್ಲ ಇದು. ವೇಣಿ ಮೇಡಂ..."

"ಕರೀಬ್ಯಾಡಲೇ. ಹೊಟ್ಟೆಕಿಚ್ಚು ನಿನಗ. ನಾ ಎದ್ದು ನಿಲ್ಲೂದು ನಿನಗ ನೋಡಾಕ ಆಗವಲ್ದು."

ವಾದಿರಾಜ ಅವನ ಮುಖವನ್ನೊಮ್ಮೆ ನೋಡಿದ. ಆಮೇಲೆ ಇನ್ನೂ ಜೋರಾಗಿ ಕೂಗಿದ.

ವೇಣಿ ಓಡಿಬಂದು ಹಣೆ ಮುಟ್ಟಿದವಳೇ ಬಾಟಲಿಯ ನಳಿಕೆಯ ಕ್ಲಿಪ್ ಒತ್ತಿ ನಿಲ್ಲಿಸಿದಳು. "ಮಾತ್ರೆ ನುಂಗಿ ಬಂದ್ರಾ?" ಈಶಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಅವಳು ಡಾಕ್ಟರನ್ನು ಕರೆಯಲು ಓಡಿದಳು.

ವಾದಿರಾಜನ ಒಂದು ಕೈಗೆ ಯಂತ್ರ ಜೋಡಿಸಿತ್ತು. ಇನ್ನೊಂದರಿಂದ ತನ್ನ ಹೊದಿಕೆಯನ್ನು ಕಿತ್ತು ಈ ಕಡೆ ಎಸೆದ. ಅದು ಈಶಪ್ಪನ ಮೊಣಕಾಲಿನ ಮೇಲೆ ಬಿತ್ತು. ವಾದಿರಾಜನ ಮೈಯ ಬಿಸಿ ಅದರಲ್ಲಿ ಇನ್ನೂ ಆರಿರಲಿಲ್ಲ. ಒದ್ದು ಕೆಳಗೆ ಕೆಡವಲೆಂದು ಈಶಪ್ಪ ಕಾಲೆತ್ತಿದ.

ಮೇಲೆ, ನಿಂತುಹೋದ ನಳಿಕೆಯಲ್ಲಿ ಒಂದು ಕಂದು ಹನಿ ಬೀಳದೆ ನೇತಾಡುತ್ತಿತ್ತು. ಎತ್ತಿದ ಕಾಲು ಮೆಲ್ಲಗೆ ಹೊದಿಕೆಯ ಒಳಗೆ ಹೋಯಿತು.