ರಿಂಗಿನ ಮೇಲಿನ ಬಿಳಿ ಗುರುತು

ಸ್ಟುಡಿಯೊ ಅಜ್ಮತ್ ಉಲ್ಲಾ ತೆಗೆದ ಫೋಟೊ ಎಂದರೆ ಗಂಜಾಂ ಜನಕ್ಕೆ ಇವತ್ತಿಗೂ ನಗು. ಕೂತವರ ಮುಖವೂ ಮಂಜು, ಹಿಂದಿನ ಪರದೆಯೂ ಮಂಜು. ಅಬ್ಬಾಗೆ ಕಣ್ಣು ಮಂದವಾಗಿತ್ತು ಎಂದೇ ಮಗ ಅಕೀಬ್ ನಂಬಿದ್ದ.

ಅಬ್ಬಾ ತೀರಿಕೊಂಡು ನಲವತ್ತು ದಿನದ ಫಾತಿಹಾ ಮುಗಿದ ಮೇಲೆ ಅವರ ಹಳೆಯ ಲೆನ್ಸಿಗೆ ಅಡಾಪ್ಟರ್ ಸಿಕ್ಕಿಸಿ ತನ್ನ ಡಿಜಿಟಲ್ ಕ್ಯಾಮೆರಾಕ್ಕೆ ಕೂರಿಸಿದ. ಫೋಕಸ್ಸಿಗೆ ಕೈಯಲ್ಲೇ ತಿರುಗಿಸುವ ರಿಂಗಿನ ಮೇಲೆ ಅಬ್ಬಾ ಬಿಳಿ ಬಣ್ಣದಲ್ಲಿ ಗುರುತು ಹಾಕಿಟ್ಟಿದ್ದರು. ತಾಯಿ ಖುರ್ಷಿದ್ ಬೇಗಂರನ್ನು ಸ್ಟುಡಿಯೊದಲ್ಲಿ ಗಿರಾಕಿಗಳು ಕೂರುತ್ತಿದ್ದ ಅದೇ ಕುರ್ಚಿಯಲ್ಲಿ ಕೂರಿಸಿ, ರಿಂಗನ್ನು ಗುರುತಿಗೆ ತಂದ.

ಆ ಕ್ಯಾಮೆರಾದ ಪರದೆಯಲ್ಲಿ, ಫೋಕಸ್ ಸರಿಯಾದದ್ದರ ಅಂಚಿಗೆ ಕೆಂಪು ಗೆರೆ ಮೂಡುತ್ತದೆ. ಅಮ್ಮಿಯ ಮುಖಕ್ಕೆ ಮೂಡಲಿಲ್ಲ. ಹಿಂದಿನ ಬಟ್ಟೆಯ ಪರದೆಗೂ ಮೂಡಲಿಲ್ಲ. ಎರಡರ ನಡುವಿನ ಖಾಲಿ ಜಾಗದಲ್ಲಿ ಒಂದು ಹೆಗಲು, ಕತ್ತು, ಅಮ್ಮಿಯತ್ತ ಬಾಗಿದ ತಲೆ ಕೆಂಪಗೆ ಮೂಡಿದವು. ಅಕೀಬ್ ಕ್ಯಾಮೆರಾ ಇಳಿಸಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

ಅಮ್ಮಿಯ ಮುಖಕ್ಕೆ ಫೋಕಸ್ ತರಲು ಅವನ ಬೆರಳು ರಿಂಗಿಗೆ ಹೋಯಿತು.

“ಗುರುತು ಬುಟ್ಟು ತಿರುಗಿಸ್ಬೇಡ ಬೇಟಾ,” ಎಂದರು ಅಮ್ಮಿ, ಹಿಂದೆ ತಿರುಗದೆ. “ನಿಮ್ ಅಬ್ಬಾಗೆ ಕಣ್ಣು ಚೆನ್ನಾಗೇ ಕಾಣ್ತಿತ್ತು.”