ಕಂದು ಬಣ್ಣದ ಏಳು ಮಾತ್ರೆ

“ಗಂಡನ ಸಹಿ ಎಲ್ಲೇ? ಗಂಡನೇ ಇಲ್ಲದೋಳಿಗೆ ಈ ಮಾತ್ರೆ ಯಾಕೆ, ಹಾದರಕ್ಕಾ?”

ನರ್ಸಮ್ಮ ಕೇಳಿದ್ದು ಹುಡುಗಿಯನ್ನು. ಕೇಳಿಸಿದ್ದು ಹೊಲಿಗೆಯ ನಾಲ್ಕೂ ಸಾಲಿಗೆ. ಗಾರ್ಮೆಂಟ್ಸಿನ ಔಷಧಿ ಕೋಣೆಗೆ ಬಾಗಿಲಿರಲಿಲ್ಲ, ಪರದೆಯಿತ್ತು.

“ಬೆಳಿಗ್ಗೆ ಕಾಲೇಜು, ಮಧ್ಯಾಹ್ನ ಇಲ್ಲಿ ದಾರ ಕತ್ತರಿಸೋದು. ಮಿಕ್ಕ ಹೊತ್ತಲ್ಲಿ ಏನು ಓದ್ತಾಳೋ!” ಮೇಸ್ತ್ರಿ ಕಿಸಕ್ಕನೆ ನಕ್ಕ.

ಹುಡುಗಿ ತಲೆ ತಗ್ಗಿಸಿ ಬಂದು ಗುಂಡಿಯಕ್ಕನ ಪಕ್ಕ ಕೂತಳು. ಅಂಗಿಗೆ ಗುಂಡಿ ಹಚ್ಚುವವಳು, ಅದಕ್ಕೇ ಆ ಹೆಸರು.

“ಆ ಹದ್ದಿನ ಬಾಯಿಗೆ ಯಾಕೆ ಹೋದ್ಯೇ? ನಾನು ಕೊಡ್ತಿಲ್ವಾ?”

“ನೀನು ಕೊಡೋ ಏಳು ಮಾತ್ರೆ ಸಾಲಲ್ವೇನೋ ಅನ್ನಿಸ್ತು ಅಕ್ಕಾ.” ಧ್ವನಿ ತಗ್ಗಿತು. “ಮುಟ್ಟಾಗಿ ಐವತ್ತು ದಿನ ಆಯ್ತು. ಮುಂದಿನ ತಿಂಗಳು ಪರೀಕ್ಷೆ.”

ಗುಂಡಿಯಕ್ಕನ ಸೂಜಿ ನಿಂತಿತು. ಅವರ ಗುಂಪಿನಲ್ಲಿ ಗಂಡನ ಸಹಿ ಇದ್ದವಳು ಅವಳೊಬ್ಬಳೇ. ಬಸಿರು ತಡೆಯುವ ಮಾತ್ರೆಯ ಶೀಟು ತಿಂಗಳಿಗೊಂದು ಪುಕ್ಕಟೆ ಸಿಗುತ್ತಿತ್ತು. ಅದನ್ನು ಅವಳು ನಾಲ್ಕು ತುಂಡು ಮಾಡುತ್ತಿದ್ದಳು. ತನಗೆ, ಇಸ್ತ್ರಿಯವಳಿಗೆ, ಕಾಜಾ ಹೊಲಿಯುವವಳಿಗೆ, ಹುಡುಗಿಗೆ, ಏಳೇಳು. ಬೇಕಾದ ದಿನ ಒಂದು ನುಂಗುವುದು. ಮೂರು ಸಾಲು ಬಿಳಿ, ಕೊನೆಯದು ಕಂದು. ಬಣ್ಣದ್ದೇ ಜೋರು ಎಂದುಕೊಂಡು ಅದನ್ನು ಪ್ರತಿ ಸಲವೂ ಹುಡುಗಿಗೇ ತೆಗೆದಿಟ್ಟಿದ್ದಳು. ಓದೋ ಮಗು, ಹೆಚ್ಚುಕಮ್ಮಿ ಆಗಬಾರದು.

ಎದ್ದು ಹೋಗಿ ಪರದೆ ಸರಿಸಿ, ಹಂಚಿದ್ದನ್ನೆಲ್ಲ ಹೇಳಿ, ಕಂದು ಯಾಕೆ ಕೆಲಸ ಮಾಡಲಿಲ್ಲ ಎಂದು ಕೇಳಿದಳು.

“ಕಂದು ಬರೀ ಕಬ್ಬಿಣದ್ದು ಕಣೇ, ರಕ್ತಕ್ಕೆ!” ನರ್ಸಮ್ಮ ಹಣೆ ಚಚ್ಚಿಕೊಂಡಳು. “ಬಿಳೀದನ್ನೂ ದಿನಾ ತಗೋಬೇಕು, ತಪ್ಪಿಸಬಾರ್ದು. ಕಡ್ಲೆಪುರಿ ಹಂಚಿದ ಹಾಗೆ ಹಂಚೋಕೆ ಯಾವಳು ಹೇಳಿದ್ಲು ನಿಂಗೆ?”

“ದಿನಾ ತಗೋ ಅಂತ ನೀವು ಯಾವತ್ತು ಹೇಳಿದ್ರಿ?”

“ಡಬ್ಬದಲ್ಲಿ ಚೀಟಿ ಇರತ್ತಲ್ಲ.”

“ಡಬ್ಬ ನೀವೇ ಇಟ್ಕೊಂಡು ಬರೀ ಶೀಟು ಕೊಡ್ತೀರಲ್ಲಮ್ಮ.”

ನರ್ಸಮ್ಮ ಬಾಯಿ ತೆರೆಯುವಷ್ಟರಲ್ಲಿ ಗುಂಡಿಯಕ್ಕ ಮೇಜಿನ ಕೆಳಗಿದ್ದ ರಟ್ಟಿನ ಪೆಟ್ಟಿಗೆ ಎಳೆದಳು. ಒಡೆಯದ ಡಬ್ಬಗಳು, ಬಾಯಿತನಕ.

“ಏಯ್, ಮುಟ್ಬೇಡ! ಅದು ತಪಾಸಣೆಯೋರು ಬಂದಾಗ ತೋರ್ಸೋಕೆ!”

“ತೋರ್ಸೋಣ ಬಿಡಿ.” ಪರದೆಯನ್ನು ಸರಳಿನ ಸಮೇತ ಕಿತ್ತು ಬಿಸಾಡಿದಳು. “ಬರ್ರೇ! ಮದುವೆ ಆದೋರು, ಆಗದೋರು, ಗಂಡ ಬಿಟ್ಟೋರು, ಗಂಡನ್ನ ಬಿಟ್ಟೋರು, ಎಲ್ರೂ ಬರ್ರೇ! ಯಾರೂ ಹಂಚ್ಕೋಬೇಡಿ, ಒಬ್ಬೊಬ್ರಿಗೆ ಒಂದು ಡಬ್ಬ. ಚೀಟಿ ಓದಿಸ್ಕೊಂಡು ನುಂಗಿ!”

ಮೊದಲು ಇಸ್ತ್ರಿಯವಳು ಎದ್ದಳು. ಮಿಷನ್ನುಗಳು ಒಂದೊಂದಾಗಿ ನಿಂತವು. ಮೇಸ್ತ್ರಿ ಹೊರಗೆ ಓಡಿ ಷಟರ್ ಎಳೆದ. ಬೀಗ ಬಿದ್ದ ಸದ್ದಾಯಿತು, ಆಮೇಲೆ ಅವನ ಫೋನಿನ ಮಾತು: “ಕಳ್ಳತನ ಸಾರ್, ಹೂಂ, ಎಲ್ಲಾ ಹೆಂಗಸ್ರೇ. ಒಳಗೇ ಹಾಕಿದೀನಿ.”

ಸಾಲು ಚದುರಲಿಲ್ಲ. ಹುಡುಗಿಯ ಸರದಿ ಬಂತು.

“ಅಕ್ಕಾ, ಇವತ್ತಿಂದ ದಿನಾ ತಗೊಂಡ್ರೆ ಸರಿಹೋಗತ್ತಾ?”

ಗುಂಡಿಯಕ್ಕನ ಕೈ ಪೆಟ್ಟಿಗೆಯೊಳಗೇ ನಿಂತಿತು.

ಹಿಂದಿನವಳು ಹುಡುಗಿಯ ಬೆನ್ನು ತಳ್ಳಿದಳು. “ಬೇಗ ಇಸ್ಕೊಳ್ಳೇ. ಜೀಪು ಬಂತು.”